ದೊಡ್ಡ ಕೊಳದ ಹಸಿರು ದೀಪ

ತುಂಗಮ್ಮ ತೀರಿಕೊಂಡ ಸುದ್ದಿ ಬಂದಾಗ ಶ್ರೀಕಂಠಯ್ಯನವರು ಆಸ್ಪತ್ರೆಯ ಗೇಟಿನ ಬಳಿ ನಿಂತು ಆಕೆಗಾಗಿಯೇ ಎಳನೀರು ಕೊಚ್ಚಿಸುತ್ತಿದ್ದರು. ಗಂಟಲಲ್ಲಿ ಎರಡು ಚಮಚ ನೀರು ಇಳಿಯಿತು ಎಂದು ಬೆಳಿಗ್ಗೆ ನರ್ಸು ಹೇಳಿದ್ದಳು. ಅಷ್ಟು ಸಾಕಾಗಿತ್ತು ಅವರಿಗೆ. ಜಪದ ಮಣಿಯನ್ನು ಜೇಬಿಗೆ ಹಾಕಿಕೊಂಡು ಹುರುಪಿನಿಂದ ಕೆಳಗಿಳಿದು ಬಂದಿದ್ದರು.

"ಗಂಜಿ ಬೇಕಾ, ಬರೀ ನೀರು ಸಾಕಾ ಯಜಮಾನ್ರೇ?" ಎಂದು ಎಳನೀರಿನವನು ಕೇಳಿದ.

"ಬರೀ ನೀರು ಸಾಕಪ್ಪ. ರೋಗಿಗೆ."

ಅಷ್ಟರಲ್ಲಿ ಮಗಳು ಮೇದಿನಿ ಮೆಟ್ಟಿಲಿಳಿದು ಬಂದಳು. ಅವಳು ಓಡಲಿಲ್ಲ, ಅಳಲೂ ಇಲ್ಲ. ಹತ್ತಿರ ಬಂದು ತಂದೆಯ ತೋಳು ಹಿಡಿದು, "ಅಪ್ಪ, ಅಮ್ಮ ಹೋದ್ರು" ಎಂದಳು. ಶ್ರೀಕಂಠಯ್ಯನವರು "ಎಲ್ಲಿಗೆ?" ಎಂದರು. ಕೇಳಿದ ಮೇಲೆ ಆ ಪ್ರಶ್ನೆ ತಮಗೇ ಕೇಳಿಸಿತು. ಎಳನೀರಿನವನು ಕತ್ತಿಯನ್ನು ಹಾಗೇ ಹಿಡಿದು ನಿಂತ. ಶ್ರೀಕಂಠಯ್ಯನವರು ಬುರುಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ ಮೆಟ್ಟಿಲು ಹತ್ತಿ, ಹೆಂಡತಿ ಮಲಗಿದ್ದ ಮಂಚದವರೆಗೂ ಒಯ್ದರು. ಅಲ್ಲಿ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು.

ಡಾಕ್ಟರು ಚಿಕ್ಕ ವಯಸ್ಸಿನವರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದರು.

"ತಪ್ಪು ತಿಳ್ಕೋಬೇಡಿ ಸರ್. ಅಮ್ಮ ಎಲ್ಲಾದರೂ ಚರಂಡಿ ನೀರಿಗೆ ಇಳಿದಿದ್ರಾ?"

"ಚರಂಡಿ ನೀರಿಗಾ? ನನ್ನ ಹೆಂಡತಿಯಾ?"

"ರಕ್ತದಲ್ಲಿ ಸಿಕ್ಕಿರೋದು ಹೊಲಸಿನ ಕ್ರಿಮಿ ಸರ್. ಹಿಮ್ಮಡಿಯಲ್ಲಿ ಒಂದು ಒಡಕು ಇತ್ತಲ್ಲ, ಅಲ್ಲಿಂದ ಒಳಗೆ ಹೋಗಿದೆ. ಹೊಟ್ಟೆಗೂ ಹೋಗಿದೆ. ಇಷ್ಟು ಹೋಗಬೇಕಾದ್ರೆ ಅಂಥ ನೀರಲ್ಲಿ ಮುಳುಗಿ ಏಳಬೇಕು."

"ಅವಳು ಇಳಿಯೋದು ದೊಡ್ಡ ಕೊಳಕ್ಕೆ ಒಂದಕ್ಕೇ" ಎಂದರು ಶ್ರೀಕಂಠಯ್ಯ. "ಅಲ್ಲಿ ಹಸಿರು ದೀಪ ಇದೆ."

ಮೇದಿನಿ ಗೋಡೆಗೆ ಒರಗಿಕೊಂಡಳು. ಆ ದೀಪವನ್ನು ಕಾಯುವ ಕೆಲಸ ಅವಳದೇ.

ದೀಪದ ವಿಚಾರವನ್ನು ಇಲ್ಲಿ ಹೇಳಬೇಕು. ಬಿಳಿಗೋಟೆಯು ಅರಸರು ಕಟ್ಟಿಸಿದ ನಗರ. ಕೊಳಗಳನ್ನು ಕಟ್ಟಿಸಿದ ಕಾಲದಲ್ಲೇ ನೆಲದಡಿಯ ಒಳಚರಂಡಿಯನ್ನೂ ಇಟ್ಟಿಗೆ ಗಾರೆಯ ಕಮಾನುಗಳಲ್ಲಿ ಕಟ್ಟಿಸಿದ್ದರು. ಊರು ಹತ್ತು ಪಾಲು ದೊಡ್ಡದಾಯಿತು, ಕಮಾನು ಇದ್ದಷ್ಟೇ ಉಳಿಯಿತು. ಗಾರೆ ಉದುರಿ, ಬಿರುಕು ಬಿಟ್ಟು, ಮನೆಮನೆಯ ಹೊಲಸು ಕೊಳಗಳಿಗೆ ಜಿನುಗತೊಡಗಿತು. ಎರಡು ತಲೆಮಾರಿನ ಮಕ್ಕಳು ಕೊಳವನ್ನು ಮೂಗು ಮುಚ್ಚಿಕೊಂಡು ದಾಟಿ ಬೆಳೆದರು.

ಆಮೇಲೆ ಕಾವಲುಗಣ್ಣು ಬಂತು. ಪ್ರಯೋಗಾಲಯದಲ್ಲಿ ತಳಿ ಮಾಡಿದ ಒಂದು ಬಗೆಯ ಪಾಚಿ ಅದರ ಜೀವಾಳ. ಗಾಜಿನ ಬುರುಡೆಯೊಂದರಲ್ಲಿ ಪಾಚಿಯನ್ನು ತುಂಬಿ ಕೊಳದ ಸೋಪಾನದ ಗೂಡಿನಲ್ಲಿ ಇಟ್ಟಿರುತ್ತಾರೆ. ಕೊಳದ ನೀರು ಸದಾ ಅದರ ಮೂಲಕ ಹರಿಯುತ್ತದೆ. ಗಾಜಿನ ಮುಂದೆ ಒಂದು ನೇರಳೆ ದೀಪ ಆಗಾಗ ಮಿಂಚುತ್ತದೆ. ನೀರು ಶುದ್ಧವಿದ್ದರೆ ಆ ಬೆಳಕಿಗೆ ಪಾಚಿ ಹಸಿರಾಗಿ ಹೊಳೆಯುತ್ತದೆ, ಹೊಲಸು ಬೆರೆತರೆ ಮಂಕಾಗುತ್ತದೆ. ಈ ಹೊಳಪನ್ನು ಪಕ್ಕದಲ್ಲೇ ಕುಳಿತ ಯಂತ್ರ ಅಳೆದು, ಕೊಳದ ನೆತ್ತಿಯ ಮೇಲೆ ಹಸಿರು ದೀಪವನ್ನೋ ಕೆಂಪು ದೀಪವನ್ನೋ ಬೆಳಗಿಸುತ್ತದೆ. ಕೆಂಪಾದರೆ ಸೈರನ್ ಕೂಗಿ ಬಾಗಿಲು ಮುಚ್ಚುತ್ತದೆ.

ಮೊದಲು ಒಂದೆರಡು ಸಲ ಕೆಂಪು ಬಂತು. ಬಿರುಕು ಹುಡುಕಿ ಮುಚ್ಚಿದರು. ಮತ್ತೆ ಹಸಿರು ಬಂತು. ಊರಿನ ಕೊಳಗಳಿಗೆಲ್ಲ ಕಣ್ಣು ಇಟ್ಟರು. ಇಡೀ ಒಳಚರಂಡಿಯನ್ನು ಅಗೆದು ಹೊಸದು ಹಾಕುವ ಯೋಜನೆಯೊಂದು ಇತ್ತು. ಅದನ್ನು ಕೈಬಿಟ್ಟರು. ಕಣ್ಣಿದೆಯಲ್ಲ, ಕೆಂಪು ಬಂದ ಕಡೆ ಮಾತ್ರ ಅಗೆದರಾಯಿತು ಎಂಬುದು ನಗರಸಭೆಯ ಲೆಕ್ಕಾಚಾರ. ಜನಕ್ಕೂ ಅದು ಸರಿ ಎನಿಸಿತು. ರಸ್ತೆ ಅಗೆಯುವುದು ಯಾರಿಗೆ ಬೇಕಾಗಿತ್ತು?

ತುಂಗಮ್ಮನವರು ದೊಡ್ಡ ಕೊಳದಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಈಜು ಕಲಿಸುತ್ತಿದ್ದರು. ಕಚ್ಚೆ ಸೀರೆ ಉಟ್ಟು, ಸೊಂಟಕ್ಕೆ ಟವಲು ಬಿಗಿದು ಮೆಟ್ಟಿಲ ಮೇಲೆ ನಿಂತು ಅವರು ಕೂಗಿದರೆ ಹೂವಿನ ಮಾರುಕಟ್ಟೆಯವರೆಗೂ ಕೇಳುತ್ತಿತ್ತು. ದಿನವೂ ಕಣ್ಣಿನ ಗೂಡಿನ ಕಬ್ಬಿಣದ ಮುಚ್ಚಳ ತೆರೆದು, ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈ ಮುಗಿದು ನೀರಿಗೆ ಇಳಿಯುತ್ತಿದ್ದರು. "ನನ್ನ ಮಗಳು ಅಲ್ಲಿ ಕೂತು ನೋಡ್ತಿರ್ತಾಳೆ" ಎಂದು ಗೂಡನ್ನು ತೋರಿಸಿ ಎಲ್ಲರಿಗೂ ಹೇಳುತ್ತಿದ್ದರು.

ಅವರ ಗೌರವಕ್ಕಾಗಿ ದೊಡ್ಡ ಕೊಳವನ್ನು ಕೆಲವು ದಿನ ಮುಚ್ಚಿದರು. ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿತ್ತು.

*

ಸೂತಕದ ಮನೆಗೆ ಜನ ಬಂದರು, ಹೋದರು. ಬಂದವರೆಲ್ಲ "ವಯಸ್ಸಾಗಿತ್ತು" ಎಂದರು. ಆ ಮಾತು ಶ್ರೀಕಂಠಯ್ಯನವರಿಗೆ ಸೇರಲಿಲ್ಲ. ವಯಸ್ಸು ಅವರಿಗೂ ಆಗಿತ್ತು.

ಟೈಲರ್ ಅಂಗಡಿಯ ಮುಬೀನಾ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದಳು. ನಾಲ್ಕು ವರ್ಷ ತುಂಗಮ್ಮನ ಬಳಿ ಈಜು ಕಲಿತವಳು. ಮುಖ ಬಾಡಿ ಕಣ್ಣು ಒಳಗೆ ಹೋಗಿತ್ತು. ಹೊಸ್ತಿಲ ಹೊರಗೇ ನಿಂತಳು.

"ಒಳಗೆ ಬಾಮ್ಮ" ಎಂದರು ಶ್ರೀಕಂಠಯ್ಯ.

"ಬರ್ತೀನಿ ಮೇಷ್ಟ್ರೇ. ನಿಂತ್ರೆ ತಲೆ ಸುತ್ತತ್ತೆ, ಕೂತ್ಕೊಂಡ್ ಬಿಡ್ತೀನಿ." ಬಾಗಿಲ ಬಳಿಯೇ ಕುಳಿತಳು. "ನಂಗೂ ವಾಂತಿ, ಭೇದಿ. ಮಲಗ್ಬಿಟ್ಟಿದ್ದೆ. ಅಮ್ಮನ್ನ ನೋಡಕ್ಕೂ ಬರಕ್ಕಾಗ್ಲಿಲ್ಲ. ನಮ್ ಬ್ಯಾಚಿನ ಹುಡುಗೀರು ಸುಮಾರು ಜನ ಮಲಗವ್ರೆ. ಎಲ್ರೂ ಏನಂತಾರೆ ಗೊತ್ತಾ? ದಸರಾ ಮೇಳದಲ್ಲಿ ಕಂಡಿದ್ದೆಲ್ಲ ತಿಂದಿದೀರ ಅಂತ. ನಾನು ಮೇಳದ ಕಡೆ ತಲೆನೂ ಹಾಕಿಲ್ಲ ಮೇಷ್ಟ್ರೇ. ಹಬ್ಬಕ್ಕೆ ಬ್ಲೌಸ್ ಹೊಲಿಯೋದ್ರಲ್ಲೇ ಸತ್ತೋಗಿದ್ದೆ."

ಶ್ರೀಕಂಠಯ್ಯನವರು ಮುಂದಕ್ಕೆ ಬಾಗಿದರು. "ಕೊನೇ ದಿನ ನೀರು ಹೇಗಿತ್ತಮ್ಮ?"

ಮುಬೀನಾ ತಲೆ ತಗ್ಗಿಸಿದಳು. "ವಾಸನೆ ಇತ್ತು. ಹಿಂದಿನ ದಿನ ಮಳೆ ಹುಯ್ದಿತ್ತಲ್ಲ. ನಾನೇ ಅಂದೆ, ಅಮ್ಮ ಏನೋ ನಾತ ಹೊಡೀತಿದೆ, ಇವತ್ತು ಬೇಡ ಅಂತ. ಅಮ್ಮ ನಕ್ಕುಬಿಟ್ರು. 'ನಿನ್ನ ಮೂಗನ್ನ ನಂಬಲಾ, ನನ್ನ ಮಗಳು ಕಾಯೋ ದೀಪಾನ ನಂಬಲಾ? ಇಳಿಯೇ ಸೋಂಬೇರಿ' ಅಂದ್ರು. ಇಳಿದ್ವಿ."

ಒಳಬಾಗಿಲಲ್ಲಿ ನಿಂತಿದ್ದ ಮೇದಿನಿ ಇದನ್ನು ಕೇಳಿಸಿಕೊಂಡಳು. ಮುಬೀನಾ ಅವಳನ್ನು ಕಂಡು ಗಾಬರಿಯಾಗಿ ಎದ್ದಳು. "ಅಯ್ಯೋ, ನಿಮ್ಮನ್ನ ಅಂದಿದ್ದಲ್ಲ ಅಕ್ಕ."

"ಗೊತ್ತು ಮುಬೀನಾ" ಎಂದಳು ಮೇದಿನಿ. "ಆದರೆ ದೀಪ ಸರಿ ಇದೆ. ನಾನು ದಿನಾ ನೋಡ್ತಿದೀನಿ. ಎಲ್ಲೂ ಒಂದು ಚೂರು ಇಳಿದಿಲ್ಲ. ನೀರು ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ."

ಅದನ್ನು ಹೇಳುವಾಗ ಅವಳ ದನಿ ಯಂತ್ರದ ದನಿಯ ಹಾಗಿತ್ತು. ಹಾಗೆ ಹೇಳದೆ ಅವಳಿಗೆ ಬೇರೆ ದಾರಿಯಿರಲಿಲ್ಲ. ದೀಪ ತಪ್ಪು ಹೇಳಿದ್ದರೆ ತಾಯಿಯನ್ನು ನೀರಿಗೆ ಇಳಿಸಿದವಳು ಅವಳೇ ಎಂದಾಗುತ್ತಿತ್ತು.

ಮರುದಿನ ಮುಖ್ಯ ಎಂಜಿನಿಯರು ಚೆಲುವರಾಜು ಬಂದರು. ಶ್ರೀಕಂಠಯ್ಯನವರು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ಹುಡುಗ. ಈಗ ತಲೆ ನೆರೆತಿತ್ತು. ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಕುಳಿತು ಮಾತು ತೆಗೆದರು.

"ಮೇಷ್ಟ್ರೇ, ಕೊಳದ ಸೋಪಾನಕ್ಕೆ ಅಮ್ಮನ ಹೆಸರಿಡಬೇಕು ಅಂತ ನಿರ್ಧಾರ ಆಗಿದೆ. ತುಂಗಮ್ಮ ಸೋಪಾನ ಅಂತ. ಸುಣ್ಣ ಬಳೀತಿದಾರೆ. ನರಕ ಚತುರ್ದಶಿ ದಿನ ಬೆಳಿಗ್ಗೆ ಎಲ್ಲ ಶಾಲೆ ಮಕ್ಕಳನ್ನ ಕರ್ಸಿ, ಎಣ್ಣೆ ಹಚ್ಚಿಸಿ, ಕೊಳದಲ್ಲೇ ಅಭ್ಯಂಜನ. ಅಮ್ಮನಿಗೆ ಮಕ್ಕಳು ಅಂದ್ರೆ ಪ್ರಾಣ ಅಲ್ವಾ?"

"ಡಾಕ್ಟರು ಹೇಳಿದ್ದು ನಿನಗೆ ಗೊತ್ತೇನಪ್ಪ?"

"ಗೊತ್ತು ಮೇಷ್ಟ್ರೇ. ಆದರೆ ಡಾಕ್ಟರು ಕೊಳ ನೋಡಿಲ್ಲ. ಕಣ್ಣು ನೋಡ್ತಿದೆ. ಎಲ್ಲೋ ಹೋಟೆಲ್ ನೀರೋ, ಏನೋ..."

"ಅವಳು ಹೋಟೆಲ್ ನೀರು ಕುಡಿದದ್ದನ್ನ ನಾನು ಐವತ್ತು ವರ್ಷದಲ್ಲಿ ನೋಡಿಲ್ಲ, ಚೆಲುವ."

ಚೆಲುವರಾಜು ಕೈ ಹೊಸೆದರು. "ನಾನು ಏನು ಮಾಡ್ಲಿ ಹೇಳಿ. ಹಸಿರಿರೋ ಕೊಳಾನ ಹಬ್ಬದ ದಿನವೂ ಯಾವ ಬಾಯಲ್ಲಿ ಮುಚ್ಚಿಸ್ಲಿ? ಕಾರಣ ಕೇಳ್ತಾರೆ. ನೀವು ಒಂದು ಕಾರಣ ಕೊಡಿ, ನಾನು ಮುಚ್ಚಿಸ್ತೀನಿ."

ಅವರು ಹೋದ ಮೇಲೆ ಶ್ರೀಕಂಠಯ್ಯನವರಿಗೆ ಅನ್ನ ಸೇರಲಿಲ್ಲ. ಎಣ್ಣೆ ಹಚ್ಚಿಕೊಂಡ ಪುಟ್ಟ ಪುಟ್ಟ ಮೈಗಳು ಅದೇ ನೀರಿಗೆ ಹಾರುವುದು ಕಣ್ಣಿಗೆ ಕಟ್ಟಿತು. ಹೆಂಡತಿಯ ಹೆಸರು ಕೆತ್ತಿದ ಮೆಟ್ಟಿಲಿನ ಮೇಲಿಂದ. ಆತ್ಮ ಇನ್ನೂ ಮನೆಯ ಸುತ್ತಲೇ ಇರುವ ದಿನಗಳು ಇವು. ಇದನ್ನೆಲ್ಲ ಅವಳು ನೋಡುತ್ತಿದ್ದರೆ?

"ಮೇದಿನಿ" ಎಂದು ಮಗಳನ್ನು ಕರೆದರು. "ನಿನ್ನ ಯಂತ್ರ ಏನು ನೋಡಿದೆ ಅನ್ನೋದನ್ನ ನಾನು ನೋಡಬೇಕು."

"ಸೂತಕದಲ್ಲಿ ಆಚೆ ಬರ್ತೀರಾ ಅಪ್ಪ?"

"ದೇವಸ್ಥಾನಕ್ಕೆ ಹೋಗಬಾರದು. ನಿನ್ನ ಆಫೀಸು ದೇವಸ್ಥಾನವಲ್ಲವಲ್ಲ."

*

ನಿಯಂತ್ರಣ ಕೊಠಡಿಯ ಒಂದು ಗೋಡೆಯ ತುಂಬ ಊರಿನ ನಕ್ಷೆ. ಅದರಲ್ಲಿ ಹನ್ನೆರಡು ಕೊಳಗಳು, ಹನ್ನೆರಡು ಹಸಿರು ಚುಕ್ಕೆಗಳು. ಆಯುಧಪೂಜೆಯಲ್ಲಿ ಪರದೆಗಳ ಮೂಲೆಗೆ ಹಚ್ಚಿದ ಅರಿಶಿನ ಕುಂಕುಮ ಇನ್ನೂ ಹಾಗೇ ಇತ್ತು. ಕಿಟಕಿಯ ಮೇಲೆ ಒಣಗಿದ ಚೆಂಡುಹೂವಿನ ಸರ. ಮೂಲೆಯ ಮೇಜಿನ ಮೇಲೆ ಪೂಜೆಯ ತಟ್ಟೆ, ಎಣ್ಣೆ ಕಮಟಿದ ದೀಪ. ಪಾಳಿಯಲ್ಲಿದ್ದ ಇಬ್ಬರು ಎದ್ದು ನಿಂತು ಕುರ್ಚಿ ಕೊಟ್ಟರು.

ಮೇದಿನಿ ದೊಡ್ಡ ಕೊಳದ ಗೆರೆಯನ್ನು ಪರದೆಗೆ ತಂದಳು.

"ಈ ಗೆರೆ ಎತ್ತರದಲ್ಲಿದ್ರೆ ಹಸಿರು. ಈ ಅಡ್ಡಗೆರೆಗಿಂತ ಕೆಳಗೆ ಬಂದ್ರೆ ಕೆಂಪು. ನೋಡಿ, ಎಷ್ಟು ಮೇಲಿದೆ."

ಶ್ರೀಕಂಠಯ್ಯನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಲ್ಲಿ ಹಿಂದೆ ಅಲೆಅಲೆಯಾಗಿದೆ. ಆಮೇಲೆ ಹಲಗೆ ಇಟ್ಟ ಹಾಗಿದೆಯಲ್ಲ?"

"ಅಲೆ ಅಂದ್ರೆ ಪಾಚಿಯ ಉಸಿರು ಅಪ್ಪ. ಗಿಡ ಇದ್ದ ಹಾಗೆ ಅದು. ಕತ್ತಲಾದ್ರೆ ಸ್ವಲ್ಪ ಮಂಕು, ಬೆಳಕಾದ್ರೆ..."

ಅವಳ ಮಾತು ನಿಂತಿತು. ಪರದೆಯ ಹತ್ತಿರಕ್ಕೆ ಹೋದಳು. ಗೆರೆಯ ಮೇಲೆ ಬೆರಳಿಟ್ಟು ಎಳೆಯುತ್ತ ಹೋದಳು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ತಾಯಿಯ ಕಾಯಿಲೆಯಲ್ಲಿ ಆಸ್ಪತ್ರೆಯಿಂದ ಕೈಯಲ್ಲಿದ್ದ ಫೋನಿನಲ್ಲೇ ಅವಳು ದಿನವೂ ನೋಡಿದ್ದಳು. ಗೆರೆ ಇಳಿದಿದೆಯೋ ಇಲ್ಲವೋ ಎಂದಷ್ಟೇ ನೋಡಿದ್ದಳು.

"ಇದು ಉಸಿರಾಡ್ತಾ ಇಲ್ಲ" ಎಂದಳು. "ಅಪ್ಪ, ಇದು ಉಸಿರಾಡ್ತಾನೇ ಇಲ್ಲ. ಸತ್ತಿದೆ. ಸತ್ತಿದ್ದು ಹೇಗೆ ಹೊಳೆಯತ್ತೆ?"

"ಯಾವತ್ತಿಂದ ಹೀಗಿದೆ?"

"ಆಯುಧಪೂಜೆ ಮಧ್ಯಾಹ್ನದಿಂದ."

"ಅವತ್ತು ಕೊಳದಲ್ಲಿ ಏನು ನಡೀತು?"

"ಏನಿಲ್ಲ. ಪೂಜೆ. ಆಫೀಸಿನವರೆಲ್ಲ ಹೋಗಿದ್ವಿ. ಚೆಲುವರಾಜು ಸರ್ ಬೂದುಗುಂಬಳಕಾಯಿ ಒಡೆದ್ರು. ಅಮ್ಮ ಗೂಡಿನ ಮುಚ್ಚಳ ತೆಗೆದು ಕಣ್ಣಿಗೆ..."

ಇಬ್ಬರೂ ಏಕಕಾಲಕ್ಕೆ ಪರದೆಯ ಮೂಲೆಯ ಅರಿಶಿನದ ಬೊಟ್ಟನ್ನು ನೋಡಿದರು.

ಮೇದಿನಿ ಕಪಾಟಿನಿಂದ ಒಂದು ಹೊಸ ಅಳತೆಯ ಯಂತ್ರವನ್ನು ತೆಗೆದಳು. ಕೈಯಲ್ಲಿ ಹಿಡಿಯುವಂಥದ್ದು, ಕೊಳದಲ್ಲಿರುವುದರ ಜೊತೆಯದ್ದು. ಖಾಲಿ ಗಾಜಿನ ಲೋಟವೊಂದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಪೂಜೆಯ ತಟ್ಟೆಯ ಅರಿಶಿನವನ್ನು ದೀಪದ ಎಣ್ಣೆಯಲ್ಲಿ ಕಲಸಿ, ತಾಯಿ ಹಚ್ಚುತ್ತಿದ್ದ ಹಾಗೆಯೇ ಅಂಗೈಯಗಲ ಗಾಜಿಗೆ ಹಚ್ಚಿದಳು. ಯಂತ್ರವನ್ನು ಎದುರು ಹಿಡಿದಳು. ನೇರಳೆ ಬೆಳಕು ಮಿಂಚಿತು. ಅರಿಶಿನ ತಾನೇ ಹೊಳೆಯಿತು, ಎಳೆ ಹುಲ್ಲಿನ ಹಾಗೆ ಹಸಿರಾಗಿ.

ಯಂತ್ರ ಸವಿದನಿಯಲ್ಲಿ "ನೀರು ಶುದ್ಧವಾಗಿದೆ" ಎಂದಿತು.

ಲೋಟದಲ್ಲಿ ನೀರೇ ಇರಲಿಲ್ಲ.

ಪಾಳಿಯ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೇದಿನಿ ಇನ್ನೊಮ್ಮೆ ಯಂತ್ರವನ್ನು ಒತ್ತಿದಳು. "ನೀರು ಶುದ್ಧವಾಗಿದೆ." ಮತ್ತೊಮ್ಮೆ ಒತ್ತಿದಳು. ಶ್ರೀಕಂಠಯ್ಯನವರು ಅವಳ ಕೈಯಿಂದ ಅದನ್ನು ಬಿಡಿಸಿ ಕೆಳಗಿಟ್ಟರು.

"ಮುಚ್ಚಳದ ಒಳಗೆ ಮಳೆ ಇಲ್ಲ, ಬಿಸಿಲಿಲ್ಲ" ಎಂದಳು ಅವಳು. "ಎಣ್ಣೆ ಬೇರೆ. ನೀರಲ್ಲಿ ಒರೆಸಿದ್ರೂ ಹೋಗಲ್ಲ. ಆಮೇಲೆ ಮಳೆಗೆ ಹೊಲಸು ನುಗ್ಗಿ ಪಾಚಿ ಸತ್ತಿದೆ. ಅಷ್ಟು ದಿನವೂ ಅರಿಶಿನ ಹೊಳೀತಾ ಕೂತಿದೆ. ಪ್ರಯೋಗಾಲಯದಲ್ಲಿ ಎಲ್ಲ ಪರೀಕ್ಷೆ ಮಾಡಿದ್ವಿ ಅಪ್ಪ. ಕೆಸರು, ಸೋಪು, ಹಕ್ಕಿ ಹಿಕ್ಕೆ ಎಲ್ಲ. ಅರಿಶಿನ ಹಚ್ತಾರೆ ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಹಚ್ಚೋರು ನಾವೇ ಆಗಿದ್ವಲ್ಲ."

ಶ್ರೀಕಂಠಯ್ಯನವರ ಕಣ್ಣಮುಂದೆ ಹೆಂಡತಿಯ ಕೈ ಬಂತು. ಅವತ್ತು ಮಧ್ಯಾಹ್ನ ಮನೆಗೆ ಬಂದವಳು ಅರಿಶಿನ ಮೆತ್ತಿದ ಕೈಯಲ್ಲೇ ಕೋಸಂಬರಿ ಬಡಿಸಿ, "ಕಣ್ಣಿಗೆ ಸೊಗಸಾಗಿ ಪೂಜೆ ಮಾಡಿ ಬಂದೆ ಕಣ್ರೀ. ಊರನ್ನ ಕಾಯೋದು ಅದು, ವರ್ಷಕ್ಕೊಂದು ದಿನನಾದ್ರೂ ಅದನ್ನ ನಾವು ಕಾಯಬೇಡ್ವಾ?" ಎಂದಿದ್ದಳು. ಅವರು ನಗುತ್ತ ತಿಂದಿದ್ದರು.

ಆಮೇಲೆ ಮೇದಿನಿ ತಂದೆಯ ಪಕ್ಕದಲ್ಲಿ ಕುಕ್ಕರಿಸಿ ಕುಳಿತು ಪಿಸುದನಿಯಲ್ಲಿ ಹೇಳಿದಳು.

"ಅಪ್ಪ, ನಾನೀಗಲೇ ಹೋಗಿ ಗಾಜು ಒರೆಸಿಬಿಡ್ತೀನಿ. ದೀಪ ತಾನೇ ಕೆಂಪಾಗತ್ತೆ. ಕೊಳ ಮುಚ್ಚತ್ತೆ. ಯಾಕೆ ಅಂತ ಯಾರೂ ಕೇಳಲ್ಲ. ಅಮ್ಮನ ಹೆಸರು ಬರೋದೇ ಬೇಡ. ಇಲ್ಲದಿದ್ರೆ ಜನ ಏನಂತಾರೆ ಯೋಚನೆ ಮಾಡಿ. ಮುದುಕಿ ಮಡಿ ಮೈಲಿಗೆ ಅಂತ ಯಂತ್ರದ ಕಣ್ಣು ಮುಚ್ಚಿ, ತಾನೂ ಸತ್ತು ಊರಿಗೂ ರೋಗ ತಂದ್ಲು ಅಂತಾರೆ."

ಆ ಮಾತು ಶ್ರೀಕಂಠಯ್ಯನವರ ಎದೆಗೆ ನಾಟಿತು. ನಿಜ, ಹಾಗೇ ಅನ್ನುತ್ತಾರೆ. ಒಪ್ಪಿಕೊಳ್ಳಬೇಕೆಂದು ಅವರ ಬಾಯಿ ತೆರೆದೇ ಇತ್ತು. ಆದರೆ ಕಣ್ಣು ಗೋಡೆಯ ನಕ್ಷೆಯ ಮೇಲೆ ಬಿತ್ತು.

"ಮಿಕ್ಕ ಕೊಳಗಳಲ್ಲಿ ಪೂಜೆ ಮಾಡಿದವರು ಯಾರು?"

ಮೇದಿನಿ ಎದ್ದು ಒಂದೊಂದೇ ಕೊಳದ ಗೆರೆಯನ್ನು ತೆರೆದಳು. ತಾವರೆ ಕೊಳ. ಹಲಗೆ ಇಟ್ಟ ಗೆರೆ. ಗಾಣಿಗರ ಕೊಳ. ಹಲಗೆ ಇಟ್ಟ ಗೆರೆ. ಆನೆ ಕೊಳ, ಕಲ್ಯಾಣಿ ಬಡಾವಣೆ, ರೈಲ್ವೆ ಕಾಲೋನಿ. ತುಂಗಮ್ಮ ಹೀಗೆ ಮಾಡುತ್ತಾರೆ ಎಂದು ನೋಡಿ ಎಲ್ಲ ಕಡೆಯೂ ಹಾಗೆಯೇ ಮಾಡಿದ್ದರು. ಆಫೀಸಿನವರೇ ಅರಿಶಿನ ಹಂಚಿದ್ದರು. ಕೆಲವು ಕಡೆ ಪ್ರತಿ ಶುಕ್ರವಾರವೂ ಹೊಸದಾಗಿ ಹಚ್ಚುವುದು ರೂಢಿಯಾಗಿಬಿಟ್ಟಿತ್ತು.

ಹನ್ನೆರಡು ಹಸಿರು ಚುಕ್ಕೆಗಳು. ಅವುಗಳಲ್ಲಿ ಯಾವುದು ನೀರು, ಯಾವುದು ಅರಿಶಿನ ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಈಗ ಅಲ್ಲಿ ಜನ ಇದಾರಾ?"

ಪಾಳಿಯ ಹುಡುಗಿ ಕೊಳಗಳ ಕ್ಯಾಮರಾ ಹಾಕಿದಳು. ಹಬ್ಬದ ಮುಂಚಿನ ದಿನ, ಬಿಸಿಲು ಬೇರೆ. ಗಾಣಿಗರ ಕೊಳದಲ್ಲಿ ಹುಡುಗರು ಮೆಟ್ಟಿಲಿನಿಂದ ಧುಮುಕುತ್ತಿದ್ದರು. ತಾವರೆ ಕೊಳದಲ್ಲಿ ಒಬ್ಬ ತಂದೆ ಕೂಸನ್ನು ಅಂಗೈ ಮೇಲೆ ಮಲಗಿಸಿ ತೇಲಿಸುತ್ತಿದ್ದ.

ಸುದ್ದಿ ತಿಳಿದು ಚೆಲುವರಾಜು ಓಡಿ ಬಂದರು. ಲೋಟವನ್ನು ನೋಡಿದರು. ಯಂತ್ರ ಅವರಿಗೂ "ನೀರು ಶುದ್ಧವಾಗಿದೆ" ಎಂದಿತು. ಕುರ್ಚಿ ಹಿಡಿದು ಕುಳಿತರು.

"ಮೆಲ್ಲಗೆ ಮಾಡೋಣ ಮೇಷ್ಟ್ರೇ. ನಾಳೆ ಒಬ್ಬೊಬ್ಬರನ್ನೇ ಕಳಿಸಿ ಒರೆಸಿಸ್ತೀನಿ. ಗಲಾಟೆ ಆದ್ರೆ ತುಳಿದಾಟ ಆಗತ್ತೆ. ಅಮ್ಮನ ಹೆಸರೂ..."

"ನಾಳೆಯವರೆಗೆ ಆ ಮಗು ನೀರಲ್ಲೇ ಇರಬೇಕಾ?"

"ಸೈರನ್ ಕೂಗಿಸಿದರೆ ಕಾರಣ ಹೇಳ್ಬೇಕಾಗತ್ತೆ."

"ನೀನೇ ಅಂದಿದ್ದೆಯಲ್ಲಪ್ಪ, ಕಾರಣ ಕೊಡಿ ಮುಚ್ಚಿಸ್ತೀನಿ ಅಂತ. ನನ್ನ ಹೆಂಡತಿಯ ಕೈ ಆ ಕಾರಣ. ತಗೋ." ಶ್ರೀಕಂಠಯ್ಯನವರು ಎದ್ದು ನಿಂತರು. "ಎಲ್ಲ ಕೊಳಕ್ಕೂ ಕೇಳಿಸೋ ಮೈಕು ಯಾವುದಮ್ಮ?"

ಚೆಲುವರಾಜು ತಡೆಯಲಿಲ್ಲ. ತಾವೇ ಮೈಕಿನ ಗುಂಡಿ ಒತ್ತಿ, ಮೇಷ್ಟರ ಮುಂದಕ್ಕೆ ಸರಿಸಿದರು.

"ಅಪ್ಪ" ಎಂದು ಮೇದಿನಿ ಅವರ ತೋಳು ಹಿಡಿದಳು. ಅವರು ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಆದರೆ ಮಾತು ನಿಲ್ಲಿಸಲಿಲ್ಲ.

"ಎಲ್ಲರೂ ಕೇಳಿ. ನಾನು ಶ್ರೀಕಂಠಯ್ಯ. ಈಜು ಕಲಿಸುತ್ತಿದ್ದ ತುಂಗಮ್ಮನ ಗಂಡ. ಅವಸರ ಮಾಡದೆ, ಒಬ್ಬರನ್ನೊಬ್ಬರು ತಳ್ಳದೆ, ನೀರಿನಿಂದ ಎದ್ದು ಮೇಲೆ ಬನ್ನಿ. ಮಕ್ಕಳನ್ನು ಮೊದಲು ಎತ್ತಿಕೊಳ್ಳಿ. ದೀಪ ಹಸಿರಿದ್ದರೂ ಬನ್ನಿ. ಆಯುಧಪೂಜೆಯ ದಿನ ನನ್ನ ಹೆಂಡತಿ ಕಾವಲುಗಣ್ಣಿಗೆ ಅರಿಶಿನ ಹಚ್ಚಿದಳು. ಅವಳನ್ನು ನೋಡಿ ನೀವೂ ಹಚ್ಚಿದಿರಿ. ಆ ಅರಿಶಿನಕ್ಕೆ ಕಣ್ಣು ಕುರುಡಾಗಿದೆ. ಅವಳು ಸತ್ತದ್ದು ಈ ನೀರಿನಿಂದ. ಪೂಜೆ ತಪ್ಪಲ್ಲ. ಆದರೆ ನಮ್ಮ ಮನೆಯ ವಿಗ್ರಹಕ್ಕೂ ಕಣ್ಣಿನ ಜಾಗ ಬಿಟ್ಟೇ ಅರಿಶಿನ ಹಚ್ಚುತ್ತೇವೆ. ಅದನ್ನು ಇಲ್ಲಿ ಮರೆತೆವು. ಗೂಡಿನ ಹತ್ತಿರ ಇರುವವರು ಯಾರಾದರೂ ಮುಚ್ಚಳ ತೆಗೆದು, ಗಾಜನ್ನು ಸೋಪು ಹಾಕಿ ತೊಳೆಯಿರಿ. ಚೆನ್ನಾಗಿ ತೊಳೆಯಿರಿ."

ಕ್ಯಾಮರಾಗಳಲ್ಲಿ ಜನ ತಲೆಯೆತ್ತಿ ಧ್ವನಿವರ್ಧಕವನ್ನು ನೋಡಿದರು. ಕೂಸಿನ ತಂದೆ ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ. ಗಾಣಿಗರ ಕೊಳದಲ್ಲಿ ಒಬ್ಬ ಹೆಂಗಸು ಒದ್ದೆ ಸೀರೆಯಲ್ಲೇ ಗೂಡಿನತ್ತ ಓಡಿ, ಮುಚ್ಚಳ ಕಿತ್ತು, ಸೋಪು ಹಾಕಿ ಉಜ್ಜತೊಡಗಿದಳು.

ನಕ್ಷೆಯಲ್ಲಿ ಗಾಣಿಗರ ಕೊಳ ಕೆಂಪಾಯಿತು.

ಸೈರನ್ ಕೂಗಿತು. ಅದರ ಹಿಂದೆಯೇ ತಾವರೆ ಕೊಳ ಕೆಂಪಾಯಿತು. ಆಮೇಲೆ ಆನೆ ಕೊಳ. ಆಮೇಲೆ ಒಂದರ ಹಿಂದೆ ಒಂದು. ರೈಲ್ವೆ ಕಾಲೋನಿ, ಕಲ್ಯಾಣಿ ಬಡಾವಣೆ, ಕೋಟೆ ಬಾಗಿಲು. ಸುಣ್ಣ ಬಳಿಯುತ್ತಿದ್ದ ಕೂಲಿಯವನು ತೊಳೆದ ಮೇಲೆ ದೊಡ್ಡ ಕೊಳ. ಊರಿನ ನಾನಾ ದಿಕ್ಕಿನಿಂದ ಸೈರನ್‌ಗಳ ಸದ್ದು ಕಿಟಕಿಯ ಮೂಲಕ ಒಳಗೆ ಬಂತು. ಚೆಲುವರಾಜು ಎದ್ದು ನಿಂತವರು ಹಾಗೇ ನಿಂತಿದ್ದರು.

"ಇಷ್ಟೂ?" ಎಂದರು. "ಇಷ್ಟೂ ಕೊಳವಾ?"

ಕೊನೆಗೆ ಎರಡೇ ಎರಡು ಹಸಿರು ಚುಕ್ಕೆ ಉಳಿದವು. ಅವುಗಳ ಗೆರೆ ಮೆಲ್ಲಗೆ ಅಲೆಯಾಗಿ ಏಳತೊಡಗಿತು. ಮೇದಿನಿ ಅದನ್ನು ನೋಡುತ್ತ ತಾಯಿ ಸತ್ತ ಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.

*

ಮಾರನೆಯ ದಿನ ಹೂವಿನ ಮಾರುಕಟ್ಟೆಯ ರಸ್ತೆಯನ್ನು ಅಗೆದರು. ಜನ ಸುತ್ತ ನಿಂತು ನೋಡಿದರು. ಕಮಾನು ಎಂಬುದು ಅಲ್ಲಿ ಇರಲೇ ಇಲ್ಲ. ಇಟ್ಟಿಗೆಯೆಲ್ಲ ಕುಸಿದು ಬಿದ್ದು, ಊರಿನ ಹೊಲಸು ದೊಡ್ಡ ಕೊಳದ ಒಳಹರಿವಿನ ಕಾಲುವೆಗೆ ನೇರವಾಗಿ, ಹೊಳೆಯ ಹಾಗೆ ಹರಿಯುತ್ತಿತ್ತು. ಅದರ ಮೇಲೆ ದಿನವೂ ಬಸ್ಸುಗಳು ಓಡಾಡಿದ್ದವು, ಹೂ ಮಾರಿದ್ದರು, ದಸರಾ ಮೆರವಣಿಗೆ ಹೋಗಿತ್ತು. ನೋಡಿದ ಹೆಂಗಸೊಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು.

ಊರು ಎರಡು ಮಾತಾಡಿತು. ಮುದುಕಿಯ ಅರಿಶಿನದಿಂದ ಆಯಿತು ಎಂದು ಕೆಲವರು. ಅರಿಶಿನವೇನು ಇಟ್ಟಿಗೆ ಕೆಡವಿತೇ ಎಂದು ಕೆಲವರು. ಸೋಪಾನದ ಹೆಸರಿನ ಫಲಕವನ್ನು ಯಾರೋ ಸದ್ದಿಲ್ಲದೆ ಇಳಿಸಿದರು. ಮೇದಿನಿಗೆ ತಡೆಯಲಾಗಲಿಲ್ಲ. "ನೋಡಿದ್ರಾ ಅಪ್ಪ, ಹೇಳಬೇಡಿ ಅಂದೆ" ಎಂದಳು. ಶ್ರೀಕಂಠಯ್ಯನವರು, "ಫಲಕ ಹೋಗಲಿ ಬಿಡಮ್ಮ. ಆ ಕೂಸು ಮನೆಗೆ ಹೋಯಿತಲ್ಲ" ಎಂದರು. ಆದರೆ ರಾತ್ರಿಯೆಲ್ಲ ಅವರಿಗೂ ನಿದ್ದೆ ಬಂದಿರಲಿಲ್ಲ.

ಅಂದು ತ್ರಯೋದಶಿ, ನೀರು ತುಂಬುವ ಹಬ್ಬ. ಮನೆಮನೆಯಲ್ಲಿ ಹಂಡೆಗೆ ನೀರು ತುಂಬುವ ದಿನ. ಶ್ರೀಕಂಠಯ್ಯನವರ ಮನೆಯಲ್ಲಿ ಅದು ಹತ್ತನೆಯ ದಿನ, ಹೋದವರಿಗೆ ಎಲ್ಲರೂ ಧರ್ಮೋದಕ ಬಿಡುವ ದಿನ. ಪದ್ಧತಿಯಂತೆ ದೊಡ್ಡ ಕೊಳದ ದಂಡೆಯಲ್ಲಿ ಆಗಬೇಕಾಗಿತ್ತು. ಪುರೋಹಿತರು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು.

"ಎಲ್ಲಿ ಮಾಡೋದು ಮೇಷ್ಟ್ರೇ? ನನ್ನ ತಾತನ ಕಾಲದಿಂದ ಆ ಕೊಳದಲ್ಲೇ."

"ಹಿತ್ತಲಲ್ಲಿ ಮಾಡೋಣ. ಕೊಡದಲ್ಲಿ ಕಾಯಿಸಿ ಆರಿಸಿದ ನೀರಿದೆ."

ಹಿತ್ತಲಲ್ಲಿ ನೆಂಟರು ಸಾಲಾಗಿ ನಿಂತರು. ಕಾಂಪೌಂಡಿನ ಆಚೆ ತುಂಗಮ್ಮನ ಶಿಷ್ಯೆಯರು ಬಂದು ನಿಂತಿದ್ದರು. ಹೂವಿನವರು, ಟೀಚರುಗಳು, ಇನ್ನೂ ಸುಸ್ತಾಗಿದ್ದ ಹುಡುಗಿಯರು. ಮುಂದೆ ಮುಬೀನಾ. ಶ್ರೀಕಂಠಯ್ಯನವರು ಅವರನ್ನು ಒಳಗೆ ಕರೆದರು. ಪುರೋಹಿತರು 'ಇವರೂ ಬಿಡಬಹುದೇ' ಎಂಬಂತೆ ನೋಡಿದರು.

"ನೀರಿಗೆ ಹೆದರುತ್ತಿದ್ದ ಕೈಗಳಪ್ಪ ಇವು" ಎಂದರು ಶ್ರೀಕಂಠಯ್ಯ. "ಅವಳು ಹಿಡಿದು ನೀರಿಗೆ ಇಳಿಸಿದ ಕೈಗಳು. ಬಿಡಲಿ."

"ಬಿಡಲಿ ಬಿಡಿ. ಅಮ್ಮ ನನ್ನ ಮಗಳಿಗೂ ಕಲಿಸಿದಾರೆ" ಎಂದು ಪುರೋಹಿತರು ದರ್ಭೆ ಎತ್ತಿಕೊಂಡರು.

ಕೊಡದ ನೀರಿಗೆ ನದಿಗಳನ್ನೆಲ್ಲ ಕರೆಯಬೇಕಾದ ಹೊತ್ತು. ಶ್ರೀಕಂಠಯ್ಯನವರು ಈ ನಾಲಿಗೆಯಲ್ಲಿ ಎಷ್ಟು ಸಾವಿರ ಸಲ ಆ ಹೆಸರುಗಳನ್ನು ಕರೆದಿದ್ದರೋ. ಇಂದು ಮೊದಲ ಹೆಸರಿಗೇ ತಡೆದು ನಿಂತರು. ಯಾವ ನದಿಯನ್ನು ಕರೆದರೆ ಯಾವ ಊರಿನ ಹೊಲಸು ಜೊತೆಗೆ ಬಂದೀತೋ? ಪುರೋಹಿತರು ಕಾದರು. ಮೇದಿನಿ ತಂದೆಯ ಮುಖ ನೋಡಿದಳು. ಕೊನೆಗೆ ಅವರು ಕಣ್ಣು ಮುಚ್ಚಿ, ಒಂದೊಂದು ನದಿಯನ್ನೂ ಕಾಯಿಲೆ ಬಿದ್ದ ಮನೆಯವರನ್ನು ಕರೆಯುವ ಹಾಗೆ, ಮೆತ್ತಗೆ ಕರೆದರು. ಕೊನೆಯಲ್ಲಿ ವಿಧಿಯಲ್ಲಿ ಇಲ್ಲದ ಒಂದು ಹೆಸರನ್ನೂ ಸೇರಿಸಿದರು. ದೊಡ್ಡ ಕೊಳದ ಹೆಸರು.

ಬೊಗಸೆಯ ನೀರು ದರ್ಭೆಯ ಮೇಲಿಂದ ಮಣ್ಣಿಗೆ ಇಳಿಯಿತು. ಮಗಳು ಬಿಟ್ಟಳು. ಶಿಷ್ಯೆಯರು ಒಬ್ಬೊಬ್ಬರಾಗಿ ಬಿಟ್ಟರು. ಮಣ್ಣು ಎಲ್ಲವನ್ನೂ ಕುಡಿಯಿತು. ಶ್ರೀಕಂಠಯ್ಯನವರು ಕೈ ಜೋಡಿಸಿ, ಮಂತ್ರ ಮುಗಿದ ಮೇಲೂ ಹಾಗೇ ನಿಂತು, ತಮ್ಮ ಮಾತಿನಲ್ಲೇ ಬೇಡಿಕೊಂಡರು.

"ಸ್ವಾಮಿ, ಇವಳು ಭಕ್ತಿಯಿಂದ ಹಚ್ಚಿದಳು. ಅದರ ಫಲ ಏನಾಯಿತೆಂದು ಇವಳಿಗೆ ತಿಳಿಯದು, ತಿಳಿಸಬೇಡ. ಇವಳ ಕೈಯಿಂದ ಆದ ನೋವು ಇದ್ದರೆ ಅದನ್ನು ನನ್ನ ಪಾಲಿಗೆ ಬರೆ. ಕಾಯಿಲೆ ಬಿದ್ದ ಮಕ್ಕಳನ್ನು ಎಬ್ಬಿಸು. ಇವಳು ಹೋದ ಕಡೆ ನೀರಿದ್ದರೆ ಅದು ತಿಳಿಯಾಗಿರಲಿ. ಇಳಿಯುವ ಮೊದಲು ಯಾರನ್ನೂ ಕೇಳಬೇಕಾದ್ದು ಇಲ್ಲದಿರಲಿ. ದಣಿದಿದ್ದಾಳೆ. ನನ್ನ ತುಂಗೆಗೆ ಶಾಂತಿ ಕೊಡು ತಂದೆ, ಶಾಂತಿ ಕೊಡು."